ಮೂಸಿಯ ದಂಡೆಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು

ರಾಜ್ಯೋತ್ಸವದ ಸಂದರ್ಭದಲ್ಲಿ ನಾಡಿನ ಹಿರಿಯರನ್ನು ನೆನೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಬಾರದ ಕನ್ನಡ ಸಭೆ ವಿರಳ. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು ಎಂಬ ಪಟ್ಟಿಯನ್ನು ನಮ್ಮ ಮಕ್ಕಳೂ ತಡವರಿಸದೆ ಒಪ್ಪಿಸಬಲ್ಲರು. ಆದರೆ ನಾವು ಅನ್ನ ಉಣ್ಣುತ್ತಿರುವ ಈ ಹೈದರಾಬಾದು ನಗರಕ್ಕೆ ಅವರು ಮಾಡಿದ ಉಪಕಾರವೇನು ಎಂದು ಕೇಳಿದರೆ, ದೊಡ್ಡವರಾದ ನಾವೂ ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಗಂಡಿಪೇಟೆ ಕೆರೆ ಎನ್ನುತ್ತೇವೆ, ಅಲ್ಲಿಗೆ ನಿಲ್ಲುತ್ತೇವೆ. ಹೇಳುವುದಕ್ಕೆ ಅದಕ್ಕಿಂತ ಹೆಚ್ಚಿನದು ಇದೆ. ಕೋಟೆಯ ಗೋಡೆಯನ್ನೇ ನಂಬಿ ಬಾಳಿದ ಒಂದು ಊರು, ಗೋಡೆಯನ್ನು ಬಿಟ್ಟು ಹೊಳೆಯ ಕಡೆ ಮುಖಮಾಡಿ ತೋಟಗಳನ್ನು ಹಾಕಿಕೊಂಡ ಕಥೆ ಅದು. ಆ ತಿರುವಿನ ಸಮಯದಲ್ಲಿ ದಾರಿ ತೋರಿಸಿದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು.

ಮೊದಲು ಗೋಡೆಯ ವಿಚಾರ. ೧೫೯೧ರಲ್ಲಿ ಕುತುಬ್‌ಶಾಹಿ ಸುಲ್ತಾನರು ಚಾರ್‌ಮಿನಾರನ್ನು ನಡುವಿಟ್ಟು ಈ ನಗರವನ್ನು ಕಟ್ಟಿದಾಗ ಅದಕ್ಕೆ ಕೋಟೆ ಇರಲಿಲ್ಲ. ಪಕ್ಕದಲ್ಲಿ ಗೋಲ್ಕೊಂಡದಂಥ ದುರ್ಗವಿರುವಾಗ ಊರಿಗೆ ಬೇರೆ ಗೋಡೆ ಏತಕ್ಕೆ ಎಂಬ ಧೈರ್ಯವೇನೋ. ಆ ಧೈರ್ಯದ ಬೆಲೆ ಮುಂದೆ ತಿಳಿಯಿತು. ಔರಂಗಜೇಬನ ಸೈನ್ಯ ಬಂದಾಗ ಗೋಲ್ಕೊಂಡ ತಿಂಗಳುಗಟ್ಟಲೆ ಕಾದಾಡಿ ೧೬೮೭ರಲ್ಲಿ ಬಿದ್ದಿತು. ಗೋಡೆಯಿಲ್ಲದ ಹೈದರಾಬಾದು ಅದಕ್ಕೂ ಮೊದಲೇ ಸುಲಭವಾಗಿ ಶತ್ರುಗಳ ಕೈಸೇರಿ ಲೂಟಿಯಾಯಿತು. ಈ ಪಾಠದಿಂದ ಮೊಗಲರ ಸುಬೇದಾರನಾದ ಮುಬಾರಿಜ್ ಖಾನನು ಊರ ಸುತ್ತ ಕಲ್ಲಿನ ಗೋಡೆಯನ್ನು ಎತ್ತಲು ಆರಂಭಿಸಿದನು. ೧೭೨೪ರಲ್ಲಿ ಅವನು ಯುದ್ಧದಲ್ಲಿ ಮಡಿದ ಮೇಲೆ ಮೊದಲನೆಯ ನಿಜಾಮ ಆಸಫ್ ಜಾ ಆ ಕೆಲಸವನ್ನು ಮುಗಿಸಿದನು. ಸುಮಾರು ಆರು ಮೈಲಿ ಸುತ್ತಳತೆಯ ಗೋಡೆ, ನಡುನಡುವೆ ಬುರುಜುಗಳು, ಹೆಬ್ಬಾಗಿಲುಗಳು, ಕಿಟಕಿ ಎಂದು ಕರೆಯುತ್ತಿದ್ದ ಸಣ್ಣ ದಿಡ್ಡಿಗಳು. ಊರಿನ ಉತ್ತರಕ್ಕೆ ಗೋಡೆ ಮೂಸಿ ಹೊಳೆಯ ದಂಡೆಯನ್ನೇ ಹಿಡಿದು ಸಾಗುತ್ತಿತ್ತು. ದಬೀರ್‌ಪುರಾ, ಯಾಕುತ್‌ಪುರಾ, ಅಲಿಯಾಬಾದ್, ದೂಧ್‌ಬೌಲಿ ಎಂದು ನಾವು ಇಂದು ಬಡಾವಣೆಗಳನ್ನು ಕರೆಯುವ ಹೆಸರುಗಳಲ್ಲಿ ಎಷ್ಟೋ ಆ ಬಾಗಿಲುಗಳಿಗೂ ಇದ್ದ ಹೆಸರುಗಳು. ಕತ್ತಲಾದರೆ ಬಾಗಿಲು ಮುಚ್ಚಿಕೊಳ್ಳುವುದು, ಬೆಳಗಾದರೆ ತೆರೆದುಕೊಳ್ಳುವುದು, ಇದೇ ಕೋಟೆಯೂರಿನ ದಿನಚರಿ.

ಈ ಗೋಡೆಯನ್ನು ಕಟ್ಟಿದ್ದು ಕುದುರೆ, ಫಿರಂಗಿಗಳ ದಂಡನ್ನು ತಡೆಯುವುದಕ್ಕೆ. ಅದನ್ನು ಕೆಡವಿದ ವೈರಿ ಬೇರೆಯೇ ಆಗಿತ್ತು.

ಅದನ್ನು ಹೇಳುವ ಮೊದಲು ವಿಶ್ವೇಶ್ವರಯ್ಯನವರ ಪೂರ್ವಕಥೆಯನ್ನು ಸ್ವಲ್ಪ ನೋಡೋಣ. ಅವರ ಮನೆತನದ ಹೆಸರಾದ ಮೋಕ್ಷಗುಂಡಂ ಎಂಬುದು ಆಂಧ್ರದೇಶದಲ್ಲಿ ಗಿದ್ದಲೂರಿನ ಹತ್ತಿರ ಇರುವ ಒಂದು ಊರು. ಅವರ ಪೂರ್ವಿಕರು ಹಿಂದೆ ಯಾವಾಗಲೋ ಆ ಊರನ್ನು ಬಿಟ್ಟು ಮೈಸೂರು ಸೀಮೆಗೆ ಬಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ನೆಲೆನಿಂತರು. ಊರು ಬಿಟ್ಟು ಬಂದವರ ಮಕ್ಕಳು ಬಂದ ನಾಡನ್ನೇ ತಮ್ಮದಾಗಿ ಮಾಡಿಕೊಂಡು ಅದಕ್ಕೆ ಕೀರ್ತಿ ತಂದರೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಹೊಟ್ಟೆಪಾಡಿಗಾಗಿಯೋ ನೌಕರಿಗಾಗಿಯೋ ಈ ಊರಿಗೆ ಬಂದ ನಾವು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಹುಡುಗನಿಗೆ ಇನ್ನೂ ಮೀಸೆ ಮೂಡುವ ಮೊದಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ಮುಗಿಸಿ, ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿ ಬಂದ ಹಣದಲ್ಲಿ, ಸೆಂಟ್ರಲ್ ಕಾಲೇಜಿನಿಂದ ೧೮೮೧ರಲ್ಲಿ ಬಿ. ಎ. ಪದವೀಧರರಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿದರು.

ಅಲ್ಲಿಂದ ಮುಂದಿನ ಇಪ್ಪತ್ತನಾಲ್ಕು ವರ್ಷಗಳೂ ನೀರಿನೊಂದಿಗೆ ಕಳೆದ ವರ್ಷಗಳೇ. ಖಾನದೇಶದಲ್ಲಿ ಹೊಳೆಯ ತಳದಲ್ಲಿ ಕೊಳವೆ ಹಾಯಿಸಿದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ಕೆಸರುನೀರನ್ನು ಶುದ್ಧಪಡಿಸಿ ಒದಗಿಸುವ ಕೆಲಸವನ್ನು ೧೮೯೫ರ ಹೊತ್ತಿಗೆ ನೆರವೇರಿಸಿದರು. ಪುಣೆಯ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ೧೯೦೩ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಒಂದು ಮಟ್ಟಕ್ಕೆ ಏರಿದಾಗ ಆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಳೆಯ ಕಟ್ಟೆಯನ್ನು ಒಡೆಯದೆ, ಎತ್ತರಿಸದೆ ಹೆಚ್ಚು ನೀರನ್ನು ನಿಲ್ಲಿಸುವ ಉಪಾಯವಿದು. ೧೯೦೬ರಲ್ಲಿ ಏಡನ್ ಬಂದರಿಗೂ ಹೋಗಿ ಅಲ್ಲಿನ ಚರಂಡಿ ಮತ್ತು ಕುಡಿಯುವ ನೀರಿನ ಬಗ್ಗೆ ಸಲಹೆ ಕೊಟ್ಟು ಬಂದರು. ಇಷ್ಟೆಲ್ಲ ಮಾಡಿದರೂ, ಪರಕೀಯರ ಆಳ್ವಿಕೆಯಲ್ಲಿ ಇಲಾಖೆಯ ಅತ್ಯುನ್ನತ ಸ್ಥಾನ ಭಾರತೀಯನಿಗೆ ದೊರೆಯುವ ಸಂಭವವಿಲ್ಲವೆಂಬುದನ್ನು ಅರಿತು, ಪೂರ್ಣ ನಿವೃತ್ತಿಯ ವಯಸ್ಸಿಗೆ ಮುಂಚೆಯೇ, ೧೯೦೮ರಲ್ಲಿ ಆ ಕೆಲಸದಿಂದ ಹೊರಬಂದು ವಿದೇಶ ಪ್ರವಾಸಕ್ಕೆ ಹೊರಟರು. ಯೂರೋಪಿನ ನಗರಗಳನ್ನು ನೋಡುತ್ತ ಅವರು ಇಟಲಿಯಲ್ಲಿದ್ದಾಗ ನಿಜಾಮ ಸರ್ಕಾರದ ತಂತಿ ಬಂದು ತಲುಪಿತು.

ಆ ತಂತಿಯ ಹಿಂದೆ ಒಂದು ಮಹಾದುರಂತವಿತ್ತು. ೧೯೦೮ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅನಂತಗಿರಿಯ ಬೆಟ್ಟಗಳಿಂದ ಹೈದರಾಬಾದಿನವರೆಗಿನ ಸೀಮೆಯಲ್ಲೆಲ್ಲ ಕಂಡರಿಯದ ಮಳೆ ಹುಯ್ದಿತು. ಶಂಷಾಬಾದಿನಲ್ಲಿ ಎರಡು ದಿನಗಳಲ್ಲಿ ಸುಮಾರು ೧೯ ಅಂಗುಲ ಮಳೆ ಬಿತ್ತು. ಸೆಪ್ಟೆಂಬರ್ ೨೮ರಂದು ಮೂಸಿ ತನ್ನ ಪಾತ್ರವನ್ನು ಬಿಟ್ಟು ಊರೊಳಗೆ ನುಗ್ಗಿತು. ಚಾದರ್‌ಘಾಟ್, ಅಫ್ಜಲ್, ಮುಸಲ್ಲಮ್ ಜಂಗ್ ಎಂಬ ಮೂರು ಸೇತುವೆಗಳು ಕೊಚ್ಚಿಹೋದವು. ೧೫೭೮ರಲ್ಲಿ ಕಟ್ಟಿದ ಪುರಾನಾ ಪುಲ್ ಒಂದೇ ನಿಂತು, ಊರಿನ ಎರಡು ದಡಗಳ ನಡುವೆ ಅದೇ ಏಕಮಾತ್ರ ಸಂಪರ್ಕವಾಯಿತು. ಕೋಟೆಗೋಡೆ ಎತ್ತರವಾಗಿದೆ, ಭದ್ರವಾಗಿದೆ ಎಂದು ನಂಬಿ ಅದರ ಮೇಲೆ ಹತ್ತಿದ ಜನರೂ ಇದ್ದರು. ಹೊಳೆಯ ಕಡೆಯ ಗೋಡೆ ಹಲವೆಡೆ ಕುಸಿದು, ತನ್ನನ್ನು ನಂಬಿದವರನ್ನೂ ಎಳೆದುಕೊಂಡು ಹೋಯಿತು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಒಂದು ಹುಣಸೆಮರ ಮಾತ್ರ ತನ್ನ ಕೊಂಬೆಗಳಲ್ಲಿ ಸುಮಾರು ನೂರೈವತ್ತು ಜನರನ್ನು ಹೊತ್ತು ಕಾಪಾಡಿತೆಂದು ಊರಿನವರು ಇಂದಿಗೂ ಹೇಳುತ್ತಾರೆ. ಕಲ್ಲಿನ ಗೋಡೆ ಮಾಡಲಾರದ್ದನ್ನು ಒಂದು ಮರ ಮಾಡಿತು.

ಸತ್ತವರ ಸಂಖ್ಯೆ ಹದಿನೈದು ಸಾವಿರದವರೆಗೂ ಇದ್ದಿರಬಹುದೆಂದು ಅಂದಾಜು. ೧೯,೦೦೦ ಮನೆಗಳು ನೆಲಸಮವಾದವು. ೮೦,೦೦೦ ಮಂದಿ ನಿರಾಶ್ರಿತರಾದರು. ಆಗಿನ ನಿಜಾಮ ಮಹಬೂಬ್ ಅಲಿ ಖಾನರು ಅರಮನೆಗಳ ಬಾಗಿಲು ತೆರೆಸಿ ಜನರಿಗೆ ಅನ್ನ, ಆಸರೆಗಳನ್ನು ಕೊಡಿಸಿದರು. ನದಿಯ ಕೋಪವನ್ನು ಶಾಂತಪಡಿಸಲು ಪಂಡಿತರ ಸಲಹೆಯಂತೆ ಅವರು ಮೂಸಿಗೆ ಪೂಜೆ ಸಲ್ಲಿಸಿದರೆಂಬ ಐತಿಹ್ಯವೂ ಹಳೆಯ ಊರಿನಲ್ಲಿ ಪ್ರಚಲಿತವಾಗಿದೆ. ಪೂಜೆ ಒಂದು ಬಗೆಯ ಸಮಾಧಾನ. ಆದರೆ ಮುಂದಿನ ಮಳೆಗಾಲಕ್ಕೆ ಏನು ಗತಿ ಎಂಬ ಪ್ರಶ್ನೆಗೆ ಬೇರೆ ಬಗೆಯ ಉತ್ತರ ಬೇಕಾಗಿತ್ತು. ಆ ಉತ್ತರಕ್ಕಾಗಿಯೇ ಇಟಲಿಗೆ ತಂತಿ ಹೋದದ್ದು.

ವಿಶ್ವೇಶ್ವರಯ್ಯನವರು ಗಡಿಬಿಡಿಯಿಂದ ಓಡಿಬರಲಿಲ್ಲ. ಕೈಗೊಂಡ ಪ್ರವಾಸವನ್ನು ಮುಗಿಸಿ, ಅಮೆರಿಕವನ್ನೂ ನೋಡಿಕೊಂಡು, ೧೯೦೯ರ ಏಪ್ರಿಲಿನಲ್ಲಿ ಹೈದರಾಬಾದಿಗೆ ಬಂದು ವಿಶೇಷ ಸಲಹೆಗಾರ ಇಂಜಿನಿಯರಾಗಿ ಅಧಿಕಾರ ವಹಿಸಿಕೊಂಡರು. ಅವರ ಮುಂದಿದ್ದ ಕಾರ್ಯ ಮೂರು ಬಗೆಯದು: ಪ್ರವಾಹದಿಂದ ಊರನ್ನು ರಕ್ಷಿಸುವುದು, ಹಾಳಾದ ಊರನ್ನು ಮತ್ತೆ ಕಟ್ಟುವುದಕ್ಕೆ ಸಲಹೆ ಕೊಡುವುದು, ಚರಂಡಿಯ ವ್ಯವಸ್ಥೆಯನ್ನು ರೂಪಿಸುವುದು.

ಸಾಮಾನ್ಯನಾದವನು ಏನು ಮಾಡುತ್ತಿದ್ದನು? ಬಿದ್ದ ಗೋಡೆಯನ್ನು ಇನ್ನೂ ಎತ್ತರವಾಗಿ, ಇನ್ನೂ ದಪ್ಪವಾಗಿ ಕಟ್ಟಿಸಿ ಎಂದು ಹೇಳಿ ಹೋಗುತ್ತಿದ್ದನು. ಜನರ ಮನಸ್ಸಿಗೂ ಅದೇ ಸುಲಭವಾಗಿ ಹಿಡಿಸುವ ಮಾತು. ವಿಶ್ವೇಶ್ವರಯ್ಯನವರು ಮಾತ್ರ ಗೋಡೆಯನ್ನು ನೋಡಲಿಲ್ಲ. ಗೋಡೆಯ ಆಚೆಗಿನ ಹೊಳೆಯನ್ನು, ಹೊಳೆಯ ಆಚೆಗಿನ ಬಯಲನ್ನು, ಬಯಲಿನ ಕೆರೆಗಳನ್ನು ನೋಡಿದರು. ಮಳೆಯ ಅಂಕಿಅಂಶಗಳನ್ನು ಕಲೆಹಾಕಿಸಿದರು. ಜಲಾನಯನ ಪ್ರದೇಶವನ್ನೆಲ್ಲ ಅಳೆಯಿಸಿದರು. ಆಗ ಒಂದು ಸತ್ಯ ಹೊರಬಿತ್ತು. ಮೂಸಿಯ ಮೇಲ್ಭಾಗದಲ್ಲಿ ಪೂರ್ವಿಕರು ಕಟ್ಟಿಸಿದ ೭೮೮ ಕೆರೆಗಳಿದ್ದವು. ಅವುಗಳಲ್ಲಿ ೨೨೧ ಆ ಮಳೆಯಲ್ಲಿ ಒಡೆದಿದ್ದವು. ನಮ್ಮ ಕಡೆಯ ಕೆರೆಗಳಂತೆಯೇ ಅವೂ ಒಂದರ ಕೆಳಗೊಂದು ಸರಪಣಿಯಂತೆ ಇದ್ದಂಥವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಗೆ ನುಗ್ಗುತ್ತದೆ. ಅದು ತಾಳಲಾರದೆ ಒಡೆಯುತ್ತದೆ. ಎರಡರ ನೀರೂ ಸೇರಿ ಮೂರನೆಯದನ್ನು ಒಡೆಯುತ್ತದೆ. ಹೀಗೆ ಆಕಾಶದ ಮಳೆಯ ಜೊತೆಗೆ ನೆಲದ ಮೇಲೆ ಕೂಡಿಟ್ಟ ನೀರೂ ಸೇರಿಕೊಂಡು ಒಂದೇ ಸಲ ಊರಿನ ಮೇಲೆ ಬಿದ್ದಿತ್ತು. ಪ್ರವಾಹ ತುದಿಮುಟ್ಟಿದಾಗ ಸೆಕೆಂಡಿಗೆ ೪,೨೫,೦೦೦ ಘನ ಅಡಿ ನೀರು ಹರಿಯಿತೆಂದು ಅವರ ಲೆಕ್ಕ. ಇಷ್ಟು ನೀರನ್ನು ಊರೊಳಗೆ ಯಾವ ಗೋಡೆಯಿಂದಲೂ ತಡೆಯುವುದು ಸಾಧ್ಯವಿರಲಿಲ್ಲ.

ಆದಕಾರಣ ಅವರು ಸೂಚಿಸಿದ ಪರಿಹಾರವೂ ಊರ ಹೊರಗಿನದೇ ಆಯಿತು. ಊರಿನಿಂದ ಕೆಲವು ಮೈಲಿ ಮೇಲಕ್ಕೆ ಮೂಸಿಗೆ ಒಂದು, ಅದರ ಉಪನದಿಯಾದ ಈಸಿಗೆ ಒಂದು ಅಣೆಕಟ್ಟು. ಮಹಾಮಳೆ ಬಂದಾಗ ನೀರನ್ನು ಅಲ್ಲಿ ಹಿಡಿದು ನಿಲ್ಲಿಸುವುದು. ಹೊಳೆಯ ಪಾತ್ರ ತಾಳುವಷ್ಟನ್ನು ಮಾತ್ರ ನಿಧಾನವಾಗಿ ಕೆಳಗೆ ಬಿಡುವುದು. ಇದರ ಗುಟ್ಟು ಬಹಳ ಸರಳ. ಪ್ರವಾಹವೆಂದರೆ ಹೆಚ್ಚು ನೀರು ಎಂದಷ್ಟೇ ಅಲ್ಲ, ಹೆಚ್ಚು ನೀರು ಕಡಿಮೆ ಸಮಯದಲ್ಲಿ ಬರುವುದು ಎಂದರ್ಥ. ನೀರನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಸಮಯವನ್ನು ಹಿಗ್ಗಿಸುವುದು ನಮ್ಮ ಕೈಯಲ್ಲಿದೆ. ಅದಕ್ಕಾಗಿ ಜಲಾಶಯದಲ್ಲಿ ಯಾವಾಗಲೂ ಒಂದಿಷ್ಟು ಜಾಗವನ್ನು ಖಾಲಿ ಇಟ್ಟಿರಬೇಕು. ಹಸಿದ ಹೊಟ್ಟೆಯಂತೆ ಕಾದಿರುವ ಆ ಜಾಗವೇ ಊರಿನ ನಿಜವಾದ ಕೋಟೆ.

ಊರೊಳಗಿನ ಹೊಳೆಯ ವಿಚಾರದಲ್ಲಿಯೂ ಅವರ ಸಲಹೆ ಹೊಸ ದಿಕ್ಕಿನದು. ಎರಡು ದಂಡೆಗಳನ್ನೂ ಎತ್ತರಿಸಿ ಭದ್ರಪಡಿಸಬೇಕು. ದಂಡೆಗೆ ಒತ್ತಿಕೊಂಡು ಬೆಳೆದಿದ್ದ ಇಕ್ಕಟ್ಟಾದ ಕೇರಿಗಳ ಜಾಗದಲ್ಲಿ ಅಗಲವಾದ ರಸ್ತೆಗಳೂ ಸಾಲುಮರಗಳೂ ತೋಟಗಳೂ ಬರಬೇಕು. ಜನರು ಸಂಜೆ ಹೊತ್ತು ಗಾಳಿಗೆ ಬರುವಂತಾಗಬೇಕು. ಹೊಳೆ ಉಕ್ಕಿದ ದಿನ ತೋಟ ನೆನೆದರೆ ನಷ್ಟವೇನೂ ಇಲ್ಲ. ಮನೆ ನೆನೆದರೆ ಪ್ರಾಣಹಾನಿ. ಯೂರೋಪಿನಲ್ಲಿ ಹಳೆಯ ಕೋಟೆಗಳ ಜಾಗವನ್ನು ಹೀಗೆ ಸಾರ್ವಜನಿಕರ ವಿಹಾರಕ್ಕೆ ಬಿಟ್ಟುಕೊಟ್ಟ ಉದಾಹರಣೆಗಳು ಆಗಲೇ ಪ್ರಸಿದ್ಧವಾಗಿದ್ದವು. ಪ್ಯಾರಿಸ್ಸಿನ ಗೋಡೆಯನ್ನು ೧೬೭೦ರಲ್ಲಿಯೇ ಫ್ರಾನ್ಸಿನ ದೊರೆ ಕೆಡವಿಸಲು ತೊಡಗಿ ಸಾಲುಮರದ ಬೀದಿ ಮಾಡಿಸಿದ್ದನು. ವಿಯೆನ್ನಾ ನಗರದ ಗೋಡೆಯನ್ನು ಕೆಡವಲು ೧೮೫೭ರಲ್ಲಿ ಆಜ್ಞೆಯಾಗಿ, ಅಲ್ಲಿ ಊರನ್ನು ಬಳಸಿ ಬರುವ ಭವ್ಯವಾದ ರಾಜಮಾರ್ಗವೂ ಉದ್ಯಾನಗಳೂ ಎದ್ದಿದ್ದವು. ಬುಲೆವಾರ್ಡ್ ಎಂಬ ಫ್ರೆಂಚ್ ಮಾತಿನ ಮೂಲಾರ್ಥವೇ ಕೋಟೆಯ ದಿಬ್ಬ ಎಂದು. ಕೋಟೆಯ ದಿಬ್ಬವೇ ಕಾಲಕ್ರಮದಲ್ಲಿ ವಿಹಾರದ ಬೀದಿಯಾಯಿತೆಂಬ ಇಡೀ ಚರಿತ್ರೆ ಆ ಒಂದು ಮಾತಿನಲ್ಲಿ ಅಡಗಿದೆ.

೧೯೦೯ರ ಅಕ್ಟೋಬರ್ ೧ರಂದು ವಿಶ್ವೇಶ್ವರಯ್ಯನವರು ತಮ್ಮ ವರದಿಯನ್ನು ಒಪ್ಪಿಸಿದರು. ಬಂದು ಆರು ತಿಂಗಳೂ ತುಂಬಿರಲಿಲ್ಲ. ಅಷ್ಟರಲ್ಲಿ ಮೈಸೂರಿನಿಂದ ಕರೆ ಬಂದು, ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ಮುಖ್ಯ ಇಂಜಿನಿಯರಾದರು. ಕನ್ನಂಬಾಡಿಯ ಕಥೆ ಅಲ್ಲಿಂದ ಮುಂದಿನದು. ಹೈದರಾಬಾದಿನ ಲೆಕ್ಕಪತ್ರಗಳು ಮುಗಿದ ಮರುಗಳಿಗೆಯಲ್ಲಿಯೇ ಕಾವೇರಿಯ ಲೆಕ್ಕಕ್ಕೆ ಕೈಯಿಟ್ಟ ಆ ಕರ್ತೃತ್ವವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ.

ಸಲಹೆ ಕೊಡುವುದು ಒಂದು, ಅದು ನಡೆಯುವುದು ಇನ್ನೊಂದು. ಹೈದರಾಬಾದಿನ ಭಾಗ್ಯವೆಂದರೆ ವರದಿ ಕಪಾಟಿನಲ್ಲಿ ಧೂಳು ಹಿಡಿಯಲಿಲ್ಲ. ೧೯೧೧ರಲ್ಲಿ ಮಹಬೂಬ್ ಅಲಿ ಖಾನರು ಕಾಲವಾಗಿ ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದರು. ೧೯೧೨ರಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪನೆಯಾಯಿತು. ಮೂಸಿಗೆ ಅಡ್ಡಲಾಗಿ ಗಂಡಿಪೇಟೆಯಲ್ಲಿ ಕಟ್ಟಿದ ಜಲಾಶಯ ೧೯೨೦ರಲ್ಲಿ ಮುಗಿದು ಉಸ್ಮಾನ್ ಸಾಗರವೆಂಬ ಹೆಸರು ಪಡೆಯಿತು. ಈಸಿಗೆ ಕಟ್ಟಿದ್ದು ೧೯೨೭ರಲ್ಲಿ ಮುಗಿದು, ಯುವರಾಜನ ಹೆಸರಿನಲ್ಲಿ ಹಿಮಾಯತ್ ಸಾಗರವಾಯಿತು. ಈ ಕಟ್ಟೋಣಗಳನ್ನು ನಿಂತು ಮಾಡಿಸಿದವರಲ್ಲಿ ಸಿ. ಟಿ. ದಲಾಲ್ ಅವರನ್ನೂ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರರನ್ನೂ ನೆನೆಯದಿದ್ದರೆ ಅನ್ಯಾಯವಾದೀತು. ನಮ್ಮವರ ಕೀರ್ತಿಯನ್ನು ಹಾಡುವ ಭರದಲ್ಲಿ ಇತರರ ದುಡಿಮೆಯನ್ನು ಮರೆಯುವುದು ವಿಶ್ವೇಶ್ವರಯ್ಯನವರಿಗೂ ಸೇರದ ಕೆಲಸ. ಅಲಿ ನವಾಜ್ ಜಂಗರ ಹುಟ್ಟಿದ ದಿನವಾದ ಜುಲೈ ೧೧ನ್ನು ತೆಲಂಗಾಣದವರು ಇಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ. ಸೆಪ್ಟೆಂಬರ್ ೧೫, ವಿಶ್ವೇಶ್ವರಯ್ಯನವರ ಜನ್ಮದಿನ, ಭಾರತಕ್ಕೆಲ್ಲ ಇಂಜಿನಿಯರುಗಳ ದಿನ. ಒಂದೇ ಹೊಳೆಯನ್ನು ಪಳಗಿಸಿದ ಇಬ್ಬರಿಗೆ ಎರಡು ಹಬ್ಬಗಳು ದೊರೆತಿರುವುದು ಯೋಗ್ಯವೇ ಆಗಿದೆ.

ಇತ್ತ ಊರೊಳಗೆ ಹೊಳೆಯ ದಂಡೆಯ ಮುಖವೇ ಬದಲಾಯಿತು. ಗೋಡೆಯ ಹಿಂದೆ ಅಡಗಿದ್ದ ಊರು ಹೊಳೆಯ ಮುಂದೆ ಬಂದು ನಿಂತಿತು. ದಕ್ಷಿಣದ ದಡದಲ್ಲಿ ಕೆಂಪು, ಬಿಳಿ ಬಣ್ಣಗಳ ಉಚ್ಚ ನ್ಯಾಯಾಲಯ ೧೯೨೦ರಲ್ಲಿ ತೆರೆಯಿತು. ಅದರ ಪಕ್ಕದಲ್ಲಿ ಈಗಿನ ಸಿಟಿ ಕಾಲೇಜಿನ ಕಟ್ಟಡ. ಎದುರು ದಡದಲ್ಲಿ, ಹುಣಸೆಮರದ ನೆರಳಿನಲ್ಲಿ, ಉಸ್ಮಾನಿಯಾ ಆಸ್ಪತ್ರೆ. ಅದರಾಚೆ ೧೯೩೬ರಲ್ಲಿ ಆಸಫಿಯಾ ಗ್ರಂಥಾಲಯದ ಸೌಧ. ಇವುಗಳ ನಡುವೆ ಹೊಳೆಯ ಎರಡೂ ಕಡೆ ಕಲ್ಲಿನ ದಂಡೆ, ಅದರ ಮೇಲೆ ಹಸಿರು ಹಾಸಿದ ತೋಟಗಳು. ಒಂದು ಕಾಲಕ್ಕೆ ಕಾವಲುಗಾರನು ಬಂದೂಕು ಹಿಡಿದು ಅಡ್ಡಾಡುತ್ತಿದ್ದ ದಂಡೆಯಲ್ಲಿ ಮಕ್ಕಳು ಆಡಿದರು, ರೋಗಿಗಳ ಬಂಧುಗಳು ಕುಳಿತು ದಣಿವಾರಿಸಿಕೊಂಡರು, ಹಿಂದೂ ಮುಸಲ್ಮಾನರೆನ್ನದೆ ಊರವರು ಸಂಜೆಯ ಗಾಳಿ ಸೇವಿಸಿದರು. ಸುಧಾರಣಾ ಮಂಡಲಿ ಕೊಳೆಗೇರಿಗಳನ್ನು ತೆಗೆಸಿದಾಗ ಬಡವರಿಗಾಗಿ ಗಾಳಿ ಬೆಳಕಿರುವ ಮನೆಗಳನ್ನೂ ಕಟ್ಟಿಸಿತೆಂಬುದು ಗಮನಾರ್ಹ. ತೋಟವೆಂದರೆ ಉಳ್ಳವರ ಅಲಂಕಾರವಲ್ಲ, ಇಲ್ಲದವರ ಆರೋಗ್ಯ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. ಹೊಳೆಯಿಂದ ದೂರದ ಗೋಡೆ ಒಮ್ಮೆಗೇ ಬೀಳಲಿಲ್ಲ. ರಸ್ತೆ ಅಗಲಿಸುವಾಗ ಒಂದಿಷ್ಟು, ಮನೆ ಕಟ್ಟುವಾಗ ಒಂದಿಷ್ಟು, ಹೀಗೆ ದಶಕಗಳ ಕಾಲ ಸವೆಯುತ್ತ ಹೋಯಿತು. ಇಂದು ಹೆಬ್ಬಾಗಿಲುಗಳಲ್ಲಿ ಉಳಿದಿರುವುವು ಪುರಾನಾ ಪುಲ್ ಮತ್ತು ದಬೀರ್‌ಪುರಾ ಎಂಬ ಎರಡೇ.

ವಿಶ್ವೇಶ್ವರಯ್ಯನವರು ಈ ಊರನ್ನು ಮರೆಯಲಿಲ್ಲ. ೧೯೧೨ರಿಂದ ೧೯೧೮ರ ವರೆಗೆ ಮೈಸೂರಿನ ದಿವಾನರಾಗಿ ವಿಶ್ವವಿದ್ಯಾನಿಲಯ, ಬ್ಯಾಂಕು, ಸಾಹಿತ್ಯ ಪರಿಷತ್ತುಗಳ ಸ್ಥಾಪನೆಗೆ ಕಾರಣರಾಗಿ, ತತ್ತ್ವದ ಭಿನ್ನಾಭಿಪ್ರಾಯ ಬಂದಾಗ ಆ ಪದವಿಯನ್ನು ಬಿಟ್ಟುಕೊಟ್ಟ ಮೇಲೆ, ೧೯೨೦ರ ದಶಕದಲ್ಲಿ ನಿಜಾಮ ಸರ್ಕಾರದ ಕರೆಯಂತೆ ಮತ್ತೆ ಬಂದು ನಗರದ ಚರಂಡಿಯ ಯೋಜನೆಗೆ ಮಾರ್ಗದರ್ಶನ ಮಾಡಿದರು. ಕಟ್ಟಡ, ಕಮಾನುಗಳನ್ನು ಕಂಡು ಜನ ಹಾಡಿಹೊಗಳುತ್ತಾರೆ. ನೆಲದಡಿಯ ಚರಂಡಿಯನ್ನು ಯಾರೂ ಹಾಡುವುದಿಲ್ಲ. ಆದರೂ ಊರಿನ ಮಕ್ಕಳು ಬದುಕುವುದು ಅದರಿಂದಲೇ ಎಂದು ಅವರು ತಿಳಿದಿದ್ದರು. ಆ ದಿನಗಳ ಹೈದರಾಬಾದಿನಲ್ಲಿ ಮುಲ್ಕಿಗಳು ಯಾರು, ಹೊರಗಿನವರು ಯಾರು ಎಂಬ ಚರ್ಚೆ ಜೋರಾಗಿತ್ತು. ಮೈಸೂರಿನ ಈ ಹೊರಗಿನವರು ಮಾತ್ರ ಯಾವ ಚರ್ಚೆಗೂ ನಿಲ್ಲದೆ ಅಳತೆಗೋಲು ಹಿಡಿದು ಕೆಲಸ ಮಾಡಿದರು. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿ ಬಂದಿತು. ನೂರರ ಗಡಿಯನ್ನು ಮುಟ್ಟಿ, ೧೯೬೨ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಅವರು ದೇಹವನ್ನು ಬಿಟ್ಟರು. ಖೈರತಾಬಾದಿನ ನಾಲ್ಕುದಾರಿಯಲ್ಲಿ ಅವರ ಪ್ರತಿಮೆ ನಿಂತಿದೆ.

ಇಷ್ಟು ಹೇಳಿ ಮಂಗಳ ಹಾಡಿಬಿಡಬಹುದಾಗಿತ್ತು. ಆದರೆ ಮಹಾಪುರುಷರ ಚರಿತ್ರೆಯನ್ನು ಓದುವುದು ಕೈಮುಗಿಯುವುದಕ್ಕೆ ಮಾತ್ರವಲ್ಲ. ಆ ತೋಟಗಳು ಇಂದು ಎಲ್ಲಿವೆ? ಊರು ಬೆಳೆದಂತೆ ಹೊಳೆ ಕೊಳೆಯಿತು. ನೀರು ನಾರಿದ ಮೇಲೆ ದಂಡೆಯ ತೋಟಕ್ಕೆ ಯಾರು ಬಂದಾರು? ಹಸಿರಿನ ಬಹುಭಾಗ ರಸ್ತೆ, ಕಟ್ಟಡ, ನಿಲ್ದಾಣಗಳ ಪಾಲಾಯಿತು. ಕನ್ನಡನಾಡಿಗೆ ಹೋಗುವ ನಾವೆಲ್ಲ ಬಸ್ಸು ಹತ್ತುವ ಇಮ್ಲಿಬನ್ ನಿಲ್ದಾಣವೂ ೧೯೯೪ರಲ್ಲಿ ಮೂಸಿಯ ನಡುಗಡ್ಡೆಯಲ್ಲಿಯೇ ಎದ್ದು ನಿಂತಿತು. ೨೦೨೫ರ ಸೆಪ್ಟೆಂಬರ್ ಕೊನೆಯಲ್ಲಿ ಜಲಾಶಯಗಳ ಬಾಗಿಲು ತೆರೆದಾಗ ಆ ನಿಲ್ದಾಣಕ್ಕೆ ನೀರು ನುಗ್ಗಿ ಪ್ರಯಾಣಿಕರು ಸಿಕ್ಕಿಬಿದ್ದರು. ೧೯೦೮ರ ಸೆಪ್ಟೆಂಬರಿನ ಅದೇ ದಿನಗಳು! ಹೊಳೆಗೆ ನೆನಪು ಚೆನ್ನಾಗಿದೆ, ಮರೆತವರು ನಾವು. ಜಲಾಶಯಗಳ ಸುತ್ತ ಹತ್ತು ಕಿಲೋಮೀಟರುಗಳವರೆಗೆ ದೊಡ್ಡ ಕಟ್ಟಡ, ಕಾರ್ಖಾನೆಗಳು ಬಾರದಂತೆ ೧೯೯೬ರಲ್ಲಿ ಸರ್ಕಾರ ವಿಧಿಸಿದ್ದ ನಿರ್ಬಂಧವನ್ನು ತೆಗೆದುಹಾಕಲು ೨೦೨೨ರಲ್ಲಿ ಆಜ್ಞೆ ಹೊರಟಿತು. ೨೦೨೪ರಲ್ಲಿ ಮೂಸಿಯನ್ನು ಸುಂದರಗೊಳಿಸುವ ಹೊಸ ಯೋಜನೆಗಾಗಿ ನದೀಪಾತ್ರದ ಬಡವರ ಮನೆಗಳನ್ನು ತೆಗೆಸಲಾರಂಭಿಸಿದಾಗ, ಅವರು ಹೋಗುವುದೆಲ್ಲಿಗೆ ಎಂಬ ಹಳೆಯ ಪ್ರಶ್ನೆ ಹೊಸದಾಗಿ ಎದ್ದಿತು. ಹೊಳೆಗೆ ಜಾಗ ಬೇಕು, ನಿಜ. ಬಡವನಿಗೂ ಜಾಗ ಬೇಕು. ಎರಡನ್ನೂ ಒಟ್ಟಿಗೆ ಯೋಚಿಸದ ಸೌಂದರ್ಯ ಹೆಚ್ಚು ದಿನ ಬಾಳದು.

ನಾವು ಈ ಊರಿಗೆ ಎಲ್ಲೆಲ್ಲಿಂದಲೋ ಬಂದವರು. ಕಲಬುರಗಿ, ರಾಯಚೂರು, ಬೀದರದಿಂದ ಬಂದ ಮನೆತನಗಳಿಗೆ ೧೯೫೬ರವರೆಗೆ ಇದು ಸ್ವಂತ ರಾಜಧಾನಿಯೇ ಆಗಿತ್ತು; ಉಳಿದವರಿಗೆ ಇದು ಹೊಟ್ಟೆ ಹೊರೆದ ಊರು. ಕಾಚಿಗೂಡದ ಸುತ್ತಿನ ಮನೆಗಳಲ್ಲಿ ಕನ್ನಡ ಉಳಿದಿದ್ದರೆ, ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಸಭೆ ಸೇರಿದ್ದರೆ, ನೃಪತುಂಗ ಶಾಲೆಯಲ್ಲಿ ಮಕ್ಕಳು ಅ ಆ ಇ ಈ ತಿದ್ದಿದ್ದರೆ, ಈ ಊರು ನಮಗೆ ಜಾಗ ಕೊಟ್ಟದ್ದರಿಂದ. ಪರಸ್ಥಳದಲ್ಲಿ ಇರುವವರಿಗೆ ತಮ್ಮ ಸುತ್ತ ಒಂದು ಗೋಡೆ ಕಟ್ಟಿಕೊಳ್ಳುವ ಆಸೆ ಸಹಜ. ನಮ್ಮ ಭಾಷೆ, ನಮ್ಮ ಹಬ್ಬ, ನಮ್ಮ ಅಡಿಗೆ ಎಂದು ಬಾಗಿಲು ಹಾಕಿಕೊಂಡರೆ ಭದ್ರವೆಂದು ತೋರುತ್ತದೆ. ವಿಶ್ವೇಶ್ವರಯ್ಯನವರು ತೋರಿಸಿದ ದಾರಿ ಬೇರೆ. ಅವರು ಕನ್ನಡಕ್ಕಾಗಿ ಪರಿಷತ್ತು ಹುಟ್ಟಲು ಕಾರಣರಾದರು. ಪರರ ಊರಿನ ಹೊಳೆಗಾಗಿ ರಾತ್ರಿ ಹಗಲು ಲೆಕ್ಕ ಹಾಕಿದರು. ಎರಡರ ನಡುವೆ ವಿರೋಧವನ್ನೇ ಕಾಣಲಿಲ್ಲ.

ಆದ್ದರಿಂದ ಈ ರಾಜ್ಯೋತ್ಸವದ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಪುರಾನಾ ಪುಲಿನ ಬಾಗಿಲಿಗೆ ಕರೆದುಕೊಂಡು ಹೋಗಿ ಗೋಡೆ ಎಷ್ಟು ದಪ್ಪವಿತ್ತೆಂದು ತೋರಿಸಿರಿ. ಅಲ್ಲಿಂದ ಗಂಡಿಪೇಟೆಗೆ ಹೋಗಿ ಜಲಾಶಯದ ಕಟ್ಟೆಯನ್ನು ತೋರಿಸಿರಿ. ಊರನ್ನು ಕಾಯುವುದು ಯಾವುದು ಎಂದು ಅವರನ್ನೇ ಕೇಳಿರಿ. ಸರಿಯಾದ ಉತ್ತರ ಹೇಳಿದ ಮಗುವಿಗೆ, ಆ ಉಪಾಯವನ್ನು ಕಂಡವರು ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಒಬ್ಬ ಬಡ ಶಾಸ್ತ್ರಿಗಳ ಮಗ ಎಂದು ತಿಳಿಸಿರಿ. ನಮ್ಮ ಸಂಘಗಳೂ ಹಬ್ಬಕ್ಕೊಮ್ಮೆ ಹಾರ ಹಾಕುವುದರಲ್ಲಿ ತೃಪ್ತರಾಗದೆ, ಮೂಸಿಯ ದಂಡೆಯಲ್ಲಿ ಉಳಿದಿರುವ ಹಸಿರು ಉಳಿಯಬೇಕೆಂದು ಈ ಊರಿನ ಇತರ ಜನರೊಡನೆ ದನಿಗೂಡಿಸಿದರೆ ಆ ಮಹನೀಯರ ಋಣ ಸ್ವಲ್ಪವಾದರೂ ಸಂದಂತಾದೀತು.